ಬಿ.ಪಿ. ಮಾತ್ರೆಗಳಿಗೆ ಹೊಟ್ಟೆ ಕೊಡುವ ಅಂಕ

ರಕ್ತದೊತ್ತಡದ ಮಾತ್ರೆಗಳ ಬಗ್ಗೆ ಮೆಡಿಕಲ್ ಅಂಗಡಿಯ ಮುಂದೆ ನಡೆಯುವ ಮಾತೆಲ್ಲ ಬೆಲೆ ಎಷ್ಟು, ಬಿ.ಪಿ. ಎಷ್ಟಕ್ಕೆ ಇಳಿಯಿತು ಎಂಬ ಎರಡೇ ವಿಷಯಕ್ಕೆ ಬಂದು ನಿಲ್ಲುತ್ತದೆ. ಎಪ್ಪತ್ತು ದಾಟಿದವರಿರುವ ಮನೆಗಳಲ್ಲಿ ಮೂರನೆಯ ವಿಷಯವೊಂದು ದಿನಾ ಬೆಳಿಗ್ಗೆ ಸಂಡಾಸಿನ ಬಾಗಿಲಲ್ಲಿ ಎದುರಾಗುತ್ತದೆ, ಆದರೆ ವೈದ್ಯರ ಮೇಜಿನವರೆಗೆ ಅದು ತಲುಪುವುದು ಅಪರೂಪ. ಮುಂಬಯಿಯ ಮುಲುಂಡಿನ ನಮ್ಮ ಮನೆಯಲ್ಲಿ ಅತ್ತೆ, ಮಾವ ಇಬ್ಬರೂ ಅನೇಕ ವರ್ಷಗಳಿಂದ ಈ ಮಾತ್ರೆಗಳನ್ನು ನುಂಗುತ್ತಿದ್ದಾರೆ. ಮಾವ ಒಂದು ಕಾಲದಲ್ಲಿ ಮಾಟುಂಗದಲ್ಲಿ ಹೋಟೆಲು ನಡೆಸಿದವರು. ಊರಿನ ಪರಿಚಯದ ಹಿರಿಯರು ಸೇರಿದಾಗಲೆಲ್ಲ ಕಾಫಿಯ ಜೊತೆಗೆ ಮಾತ್ರೆಗಳ ವಿಚಾರವೂ ಬರುತ್ತದೆ. ಹೀಗೆ ನೋಡಿದ್ದು, ಕೇಳಿದ್ದು, ಮಾತ್ರೆಯ ಡಬ್ಬಿಯೊಳಗಿನ ಮಡಚಿದ ಕಾಗದದಲ್ಲಿ ಓದಿದ್ದು, ವೈದ್ಯರಿಂದ ಕೇಳಿ ತಿಳಿದುಕೊಂಡದ್ದು ಇವೆಲ್ಲವನ್ನೂ ಇಟ್ಟುಕೊಂಡು, ಈ ಮಾತ್ರೆಗಳು ವಯಸ್ಸಾದವರ ಹೊಟ್ಟೆಯೊಡನೆ ಹೇಗೆ ನಡೆದುಕೊಳ್ಳುತ್ತವೆ ಎಂಬ ಒಂದೇ ದೃಷ್ಟಿಯಿಂದ ಅವುಗಳನ್ನು ಇಲ್ಲಿ ವಿಮರ್ಶಿಸಿದ್ದೇನೆ.

ಕಂಪನಿಗಳ ಹೆಸರು ಇಲ್ಲಿ ಬರುವುದಿಲ್ಲ. ಸ್ಟ್ರಿಪ್ಪಿನ ಮೇಲೆ ವ್ಯಾಪಾರದ ಹೆಸರಿನ ಹತ್ತಿರವೇ ಔಷಧಿಯ ಮೂಲ ಹೆಸರೂ ಅಚ್ಚಾಗಿರುತ್ತದೆ. ಹೊಟ್ಟೆಗೆ ಸಂಬಂಧವಿರುವುದು ಆ ಹೆಸರಿನೊಂದಿಗೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದನ್ನು ಓದಿ ಯಾರೂ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಮೆಟೊಪ್ರೊಲಾಲ್, ಕ್ಲೋನಿಡಿನ್‌ನಂಥವನ್ನು ಏಕಾಏಕಿ ಬಿಟ್ಟರೆ ರಕ್ತದೊತ್ತಡ ಜಿಗಿದು ಹೃದಯಕ್ಕೆ ಅಪಾಯವಾಗಬಹುದು. ಹೊಟ್ಟೆ ಕೆಟ್ಟರೆ ಬದಲಿ ಮಾತ್ರೆಗಳಿವೆ, ಪಾರ್ಶ್ವವಾಯುವಿಗೆ ಬದಲಿಯಿಲ್ಲ.

ಮೊದಲನೆಯದು ಅಮ್ಲೊಡಿಪಿನ್. ಮುಂಬಯಿಯಲ್ಲಿ ಹಿರಿಯರಿರುವ ಮನೆಗಳ ಔಷಧಿ ಡಬ್ಬಿ ತೆರೆದರೆ ಇದು ಒಂದಲ್ಲ ಒಂದು ರೂಪದಲ್ಲಿ ಸಿಕ್ಕೇ ಸಿಗುತ್ತದೆ. ರಕ್ತನಾಳದ ಗೋಡೆಯ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹೋಗದಂತೆ ತಡೆದು ನಾಳವನ್ನು ಸಡಿಲಗೊಳಿಸುವುದು ಇದರ ಕೆಲಸ. ಅದೇ ಬಗೆಯ ಸ್ನಾಯು ಅನ್ನನಾಳದ ಬುಡದಲ್ಲೂ ಕರುಳಿನಲ್ಲೂ ಇರುವುದರಿಂದ ಕೆಲವರಲ್ಲಿ ಅಲ್ಲಿಯೂ ಬಿಗಿ ಸಡಿಲವಾಗುತ್ತದೆ, ಜಠರದ ಆಮ್ಲ ಮೇಲಕ್ಕೆ ಬರುತ್ತದೆ. ಹೋಟೆಲು ಮುಚ್ಚಿ ತಡರಾತ್ರಿ ಊಟ ಮಾಡುವ ಮಾವನ ಅಭ್ಯಾಸ ನಿವೃತ್ತಿಯ ನಂತರವೂ ಹೋಗಿರಲಿಲ್ಲ. ಊಟವಾದ ಕೂಡಲೇ ಮಲಗುವುದು, ನಡುರಾತ್ರಿ ಎದೆಯುರಿ ಮತ್ತು ಹುಳಿತೇಗಿನಿಂದ ಎದ್ದು ಕೂರುವುದು ನಡೆದೇ ಇತ್ತು. ಊಟವನ್ನು ಸಂಜೆಗೆ ತಂದು, ಮಲಗುವ ಮೊದಲು ಎರಡು ಮೂರು ಗಂಟೆಯ ಅಂತರ ಇಟ್ಟ ಮೇಲೆ ತೊಂದರೆ ಬಹುಮಟ್ಟಿಗೆ ತಗ್ಗಿತು, ಮಾತ್ರೆ ಬದಲಿಸಬೇಕಾಗಲಿಲ್ಲ. ರಕ್ತದಲ್ಲಿ ಈ ಔಷಧಿಯ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ (ಅರ್ಧಾಯುಷ್ಯ) 30ರಿಂದ 50 ಗಂಟೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಅಂದರೆ ವೈದ್ಯರೇ ನಿಲ್ಲಿಸಿದರೂ ಅದರ ಪರಿಣಾಮ ಮರುದಿನವೇ ಹೋಗುವುದಿಲ್ಲ. ನಿಲ್ಲಿಸಿ ಎರಡು ದಿನವಾಯಿತು, ಎದೆಯುರಿ ಹಾಗೇ ಇದೆ, ಆದ್ದರಿಂದ ಕಾರಣ ಇದಲ್ಲ ಎಂದು ತೀರ್ಮಾನಿಸುವವರು ಇದನ್ನು ಗಮನಿಸಬೇಕು.

ಮಲಬದ್ಧತೆಯ ವಿಷಯದಲ್ಲಿ ಅಮ್ಲೊಡಿಪಿನ್ ಅಷ್ಟೇನೂ ಕೆಟ್ಟದ್ದಲ್ಲ. ಆ ಕೆಟ್ಟ ಹೆಸರು ಸಲ್ಲಬೇಕಾದದ್ದು ಅದೇ ಕುಟುಂಬದ ವೆರಾಪಮಿಲ್‌ಗೆ. ಔಷಧಿಯ ವಿವರಪತ್ರದಲ್ಲೇ ನೂರಕ್ಕೆ ಸುಮಾರು 7 ಜನರಿಗೆ ಮಲಬದ್ಧತೆ ಕಂಡಿತೆಂದು ನಮೂದಾಗಿದೆ. ಹೃದಯದ ಬಡಿತದ ತೊಂದರೆಯೂ ಇರುವವರಿಗೆ ಅದು ಅಗತ್ಯವಾಗಬಹುದು. ಮೊದಲೇ ಮೂರು ದಿನಕ್ಕೊಮ್ಮೆ ಮಲವಿಸರ್ಜನೆಯಾಗುವ ಹಿರಿಯರಿಗೆ ಅದನ್ನು ಬರೆದಾಗ ಮಾತ್ರ ಬಾಯಿಬಿಟ್ಟು ಹೇಳುವುದು ಮನೆಯವರ ಕರ್ತವ್ಯ.

ಅಮ್ಲೊಡಿಪಿನ್‌ನಿಂದ ಹೊಟ್ಟೆಗೆ ನೇರವಾಗಿ ಆಗುವ ತೊಂದರೆಗಿಂತ ಸುತ್ತು ಹಾಕಿ ಬರುವ ತೊಂದರೆಯೇ ದೊಡ್ಡದು. ಇದು ನಮ್ಮ ಮನೆಯಲ್ಲೇ ನಡೆದ ಕಥೆ. ಅತ್ತೆಯವರಿಗೆ 10 ಮಿಲಿಗ್ರಾಂ ಶುರುವಾದ ಕೆಲವು ವಾರಗಳಲ್ಲಿ ಸಂಜೆಯಾಗುತ್ತಲೇ ಪಾದ ಊದಿಕೊಂಡು, ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಅಚ್ಚೊತ್ತಿದಂತೆ ಕಾಣತೊಡಗಿತು. ಬೇರೊಬ್ಬ ವೈದ್ಯರು ಅದನ್ನು ನೋಡಿ, ಬರೆದಿದ್ದ ಮಾತ್ರೆಗಳತ್ತ ಕಣ್ಣು ಹಾಯಿಸದೆ ಮೂತ್ರ ಹೆಚ್ಚಿಸಿ ಮೈಯ ನೀರನ್ನು ಹೊರಹಾಕಿಸುವ ನೀರಿನ ಮಾತ್ರೆಯೊಂದನ್ನು ಸೇರಿಸಿದರು. ಈ ಊತ ಮೈಯಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲ. ಸಣ್ಣ ಅಪಧಮನಿಗಳು ಹಿಗ್ಗಿದಷ್ಟು ಸಿರೆಗಳು ಹಿಗ್ಗದೆ ಕೂದಲೆಳೆಯಂಥ ರಕ್ತನಾಳಗಳಿಂದ (ಲೋಮನಾಳಗಳಿಂದ) ದ್ರವ ಹೊರಗೆ ಜಿನುಗಿ ಬಂದದ್ದು. ಆದ್ದರಿಂದ ನೀರಿನ ಮಾತ್ರೆಯಿಂದ ಊತ ಅಷ್ಟಾಗಿ ಇಳಿಯಲಿಲ್ಲ, ಪೊಟ್ಯಾಸಿಯಂ ಮಾತ್ರ ಇಳಿಯಿತು. ಪೊಟ್ಯಾಸಿಯಂ ಇಳಿದರೆ ಕರುಳಿನ ಸ್ನಾಯು ಸೋಮಾರಿಯಾಗುತ್ತದೆ. ಹೊಟ್ಟೆ ಉಬ್ಬರಿಸಿತು, ಮಲ ಗಟ್ಟಿಯಾಯಿತು. ಅದಕ್ಕೊಂದು ವಿರೇಚಕ ಬಂತು, ಉಬ್ಬರಕ್ಕೆ ಗ್ಯಾಸಿನ ಮಾತ್ರೆ ಬಂತು, ಬೆಳಗಿನ ತಟ್ಟೆಯಲ್ಲಿ ಇಡ್ಲಿಗಿಂತ ಮಾತ್ರೆಗಳೇ ಹೆಚ್ಚಾದವು. ಕೊನೆಗೆ ನಮ್ಮ ಹಳೆಯ ಕುಟುಂಬ ವೈದ್ಯರು ಎಲ್ಲ ಸ್ಟ್ರಿಪ್ಪುಗಳನ್ನೂ ಮೇಜಿನ ಮೇಲೆ ಹರಡಿಸಿ, ಯಾವುದು ಯಾವಾಗ ಶುರುವಾಯಿತೆಂದು ಕೇಳಿ, ಅಮ್ಲೊಡಿಪಿನ್ ಅನ್ನು 5 ಮಿಲಿಗ್ರಾಂಗೆ ಇಳಿಸಿ ಜೊತೆಗೆ ಟೆಲ್ಮಿಸಾರ್ಟಾನ್ ಎಂಬ ಇನ್ನೊಂದು ಬಿ.ಪಿ. ಮಾತ್ರೆ ಕೊಟ್ಟರು. ಟೆಲ್ಮಿಸಾರ್ಟಾನ್ ಸಿರೆಗಳ ಕಡೆಯನ್ನೂ ಹಿಗ್ಗಿಸುವುದರಿಂದ ಪಾದದ ಊತ ಕಡಿಮೆಯಾಗುತ್ತದೆಯಂತೆ. ನೀರಿನ ಮಾತ್ರೆ ನಿಂತಿತು, ಅದರ ಬೆನ್ನಿಗೆ ಬಂದವೂ ಒಂದೊಂದಾಗಿ ನಿಂತವು. ಒಂದು ಔಷಧಿಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ತಿಳಿದು ಅದಕ್ಕೊಂದು ಔಷಧಿ ಕೊಡುವ ಈ ಸರಪಳಿ ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ವಿಷಯವೇ. ಕೈಗೆ ಸಿಕ್ಕ ಐದು ನಿಮಿಷದಲ್ಲಿ ಅದನ್ನು ಹಿಂದಕ್ಕೆ ಬಿಡಿಸಿಕೊಂಡು ಹೋಗುವಷ್ಟು ಪುರಸೊತ್ತು ಎಲ್ಲ ವೈದ್ಯರಿಗೂ ಇರುವುದಿಲ್ಲ.

ನೀರಿನ ಮಾತ್ರೆಗಳೇ ಕೆಟ್ಟವು ಎಂದು ಇದರ ಅರ್ಥವಲ್ಲ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್, ಇಂಡಾಪಮೈಡ್ ಅಗ್ಗದವು, ಹಳೆಯವು, ವಯಸ್ಸಾದವರ ಪಾರ್ಶ್ವವಾಯುವನ್ನು ತಡೆಯುವುದರಲ್ಲಿ ಹೆಸರು ಪಡೆದವು. ಆದರೆ ಮುಂಬಯಿಯ ಹಿರಿಯರ ದಿನಚರಿಗೂ ಇವಕ್ಕೂ ಅಷ್ಟಾಗಿ ಹೊಂದುವುದಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುತ್ತದೆ. ಅದರ ಮೇಲೆ ಮುಲುಂಡಿನಿಂದ ದಾದರಿಗೋ ಮಾಟುಂಗಕ್ಕೋ ಹೊರಟರೆ ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗುವ ಭರವಸೆಯಿಲ್ಲದೆ, ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಬಿಟ್ಟುಬಿಡುತ್ತಾರೆ, ಹೆಂಗಸರಂತೂ ಇನ್ನೂ ಹೆಚ್ಚು. ಮೇ ತಿಂಗಳ ಬೆವರು, ಮಾತ್ರೆ ಹೊರಹಾಕಿಸುವ ನೀರು, ಕುಡಿಯದೆ ಬಿಟ್ಟ ನೀರು ಮೂರೂ ಸೇರಿದಾಗ ಕರುಳು ಮಲದಲ್ಲಿದ್ದ ಕೊನೆಯ ತೇವವನ್ನೂ ಹೀರಿಕೊಳ್ಳುತ್ತದೆ. ಇದಕ್ಕಿಂತ ಗಂಭೀರವಾದದ್ದು ಸೋಡಿಯಂ ಇಳಿಯುವುದು. ಊಟ ಸೇರದಿರುವುದು, ವಾಕರಿಕೆ, ಸುಸ್ತು, ಮಾತಿನಲ್ಲಿ ಸ್ವಲ್ಪ ಗೊಂದಲ ಇದರ ಲಕ್ಷಣಗಳು. ಮನೆಯವರು ಇದನ್ನು ಅಜೀರ್ಣವೆಂದುಕೊಂಡು ಶುಂಠಿ ಕಷಾಯ, ಉಪ್ಪಿಲ್ಲದ ಗಂಜಿ ಕೊಡುತ್ತಾರೆ, ಅದರಿಂದ ಸೋಡಿಯಂ ಮೇಲೇರುವುದಿಲ್ಲ. ಈ ಗುಂಪಿನ ಮಾತ್ರೆ ಹೊಸದಾಗಿ ಶುರುವಾದರೆ ಕೆಲವು ವಾರಗಳಲ್ಲಿ ರಕ್ತದ ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಯಾರಾದರೂ ತಾವಾಗಿ ಬರೆದುಕೊಡುತ್ತಾರೆಂದು ಕಾಯುವುದು ಬೇಡ.

ಹೊಟ್ಟೆಯ ದೃಷ್ಟಿಯಿಂದ ನನ್ನ ಹೆಚ್ಚಿನ ಅಂಕ ಟೆಲ್ಮಿಸಾರ್ಟಾನ್‌ಗೆ. ಕೆಲವರಿಗೆ ಮಲ ಸಡಿಲವಾಗುವುದುಂಟು. ಅದನ್ನು ಬಿಟ್ಟರೆ ಇದು ತನ್ನ ಪಾಡಿಗೆ ತಾನಿರುವ ಔಷಧಿ. ಇದು ದೇಹದಿಂದ ಹೊರಹೋಗುವುದು ಬಹುತೇಕ ಪೂರ್ತಿಯಾಗಿ ಪಿತ್ತರಸದ ಮೂಲಕ, ಮಲದಲ್ಲಿ. ಹಾಗಾಗಿ ಪಿತ್ತನಾಳದ ಅಡಚಣೆ ಅಥವಾ ಯಕೃತ್ತಿನ ಗಂಭೀರ ಕಾಯಿಲೆ ಇರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಇದರ ದೌರ್ಬಲ್ಯ ಇರುವುದು ಹೊಟ್ಟೆಯಲ್ಲಲ್ಲ, ಮುಂಬಯಿಯ ಮಳೆಗಾಲದಲ್ಲಿ. ಏಳು ಮನೆಗಳಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ವಾರದ ಮಾತ್ರೆಗಳನ್ನು ಬಿಡಿಸಿ ಹಾಕಿಡುವ ಪದ್ಧತಿ ಈಗ ಎಲ್ಲ ಕಡೆ ಬಂದಿದೆ. ಜುಲೈ ತಿಂಗಳಲ್ಲಿ ಒಮ್ಮೆ ವಾರದ ಕೊನೆಯ ಮನೆಯ ಮುಚ್ಚಳ ತೆಗೆದು ನೋಡಿದರೆ ಟೆಲ್ಮಿಸಾರ್ಟಾನ್ ಉಬ್ಬಿಕೊಂಡು ಅಂಚು ಮೆತ್ತಗಾಗಿತ್ತು, ಬೆರಳು ತಗುಲಿಸಿದರೆ ಒದ್ದೆ ಸೀಮೆಸುಣ್ಣದಂತೆ ಪುಡಿ ಅಂಟಿಕೊಂಡಿತು. ಪಕ್ಕದಲ್ಲಿದ್ದ ಉಳಿದ ಮಾತ್ರೆಗಳಿಗೆ ಏನೂ ಆಗಿರಲಿಲ್ಲ. ಗಾಳಿಯ ತೇವವನ್ನು ಹೀರುವುದು ಈ ಮಾತ್ರೆಯ ಗುಣ, ನುಂಗುವ ಹೊತ್ತಿನವರೆಗೂ ಅಲ್ಯೂಮಿನಿಯಂ ಹಾಳೆಯೊಳಗೇ ಇರಬೇಕಾದದ್ದು ಅದು. ಅಂದಿನಿಂದ ಸ್ಟ್ರಿಪ್ಪನ್ನು ಕತ್ತರಿಯಿಂದ ಒಂದೊಂದು ತುಂಡಾಗಿ ಕತ್ತರಿಸಿ, ಹಾಳೆಯ ಸಮೇತ ಡಬ್ಬಿಯಲ್ಲಿಡುತ್ತಿದ್ದೇವೆ.

ಅದೇ ಗುಂಪಿನ ಓಲ್ಮೆಸಾರ್ಟಾನ್ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ, ಏಕೆಂದರೆ ಹೊಟ್ಟೆಗೂ ಬಿ.ಪಿ. ಮಾತ್ರೆಗೂ ಇರುವ ಸಂಬಂಧದಲ್ಲಿ ಇದರಷ್ಟು ದಾರಿ ತಪ್ಪಿಸುವಂಥದ್ದು ಇನ್ನೊಂದಿಲ್ಲ. 2012ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ತೀವ್ರವಾದ, ನಿಲ್ಲದ ಭೇದಿಯಿಂದ ತೂಕ ಕಳೆದುಕೊಂಡಿದ್ದ 22 ರೋಗಿಗಳ ವಿವರವನ್ನು ಪ್ರಕಟಿಸಿದರು. ಎಲ್ಲರೂ ಓಲ್ಮೆಸಾರ್ಟಾನ್ ತೆಗೆದುಕೊಳ್ಳುತ್ತಿದ್ದವರು, ಹೆಚ್ಚಿನವರು ಹಿರಿಯರು. ಸಣ್ಣ ಕರುಳಿನ ಒಳಪದರದ ರೋಮದಂಥ ರಚನೆಗಳು ಸವೆದು, ಗೋಧಿಯ ಗ್ಲುಟನ್ ಆಗದವರಲ್ಲಿ ಕಾಣುವ ಸೀಲಿಯಾಕ್ ಕಾಯಿಲೆಯಂತೆಯೇ ತೋರುತ್ತಿತ್ತು. ಆದರೆ ಅದರ ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಗೋಧಿ ಬಿಟ್ಟರೂ ಭೇದಿ ನಿಲ್ಲಲಿಲ್ಲ. ಮಾತ್ರೆ ನಿಲ್ಲಿಸಿದ ಮೇಲೆ ಅವರೆಲ್ಲ ಚೇತರಿಸಿಕೊಂಡರು. ಮರುವರ್ಷ, 2013ರ ಜುಲೈಯಲ್ಲಿ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಈ ಎಚ್ಚರಿಕೆಯನ್ನು ಔಷಧಿಯ ವಿವರಪತ್ರದಲ್ಲಿ ಸೇರಿಸಿತು. 2017ರಲ್ಲಿ ಫ್ರಾನ್ಸ್ ಸರ್ಕಾರಿ ವಿಮೆಯಿಂದ ಇದಕ್ಕೆ ಹಣ ಕೊಡುವುದನ್ನೇ ನಿಲ್ಲಿಸಿತು.

ದಾರಿ ತಪ್ಪಿಸುವ ಅಂಶವೆಂದರೆ ಅವಧಿ. ಮಾತ್ರೆ ಶುರುವಾದ ವಾರದಲ್ಲೇ ಭೇದಿಯಾದರೆ ಯಾರಿಗಾದರೂ ಅನುಮಾನ ಬರುತ್ತದೆ. ಇದು ತಿಂಗಳುಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ ತಲೆ ಎತ್ತುತ್ತದೆ. ಡೊಂಬಿವಲಿಯಲ್ಲಿರುವ ನಮ್ಮ ಸಂಬಂಧಿಕರೊಬ್ಬರು ತಿಂಗಳಾನುಗಟ್ಟಲೆ ಭೇದಿಯಿಂದ ಸೊರಗಿದಾಗ ಟ್ಯಾಂಕಿನ ನೀರನ್ನು ದೂರಿದರು, ಹಾಲು ಬಿಟ್ಟರು, ಊರಿನ ದೈವಕ್ಕೆ ಹರಕೆಯನ್ನೂ ಹೊತ್ತರು. ಕೊನೆಗೆ ಹೊಟ್ಟೆಯ ತಜ್ಞರೊಬ್ಬರು ದಿನಾ ಏನೇನು ನುಂಗುತ್ತೀರಿ ಎಂದು ಕೇಳಿ, ಬಿ.ಪಿ. ಮಾತ್ರೆಯನ್ನು ಬದಲಿಸಿ ನೋಡಲು ಹೇಳಿದರು. ಈಗ ಮತ್ತೆ ಮೀನಿನ ಸಾರು, ಕುಚ್ಚಲಕ್ಕಿ ಅನ್ನ ಉಣ್ಣುವಂತಾಗಿದ್ದಾರೆ. ಇದು ವಿರಳವಾದ ತೊಂದರೆ ಎಂಬುದನ್ನೂ ಒತ್ತಿ ಹೇಳಬೇಕು. ಓಲ್ಮೆಸಾರ್ಟಾನ್ ತೆಗೆದುಕೊಳ್ಳುವ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಕಾರಣ ತಿಳಿಯದ ಭೇದಿ ವಾರಗಟ್ಟಲೆ ನಡೆದು ತೂಕವೂ ಇಳಿಯುತ್ತಿದ್ದರೆ ಮಾತ್ರೆಯ ಹೆಸರನ್ನು ಒಮ್ಮೆ ಓದಿ ವೈದ್ಯರಿಗೆ ಹೇಳಿದರೆ ಸಾಕು.

ಉಳಿದವು ಬೇಗ ಮುಗಿಯುತ್ತವೆ. ಎನಲಾಪ್ರಿಲ್, ರಾಮಿಪ್ರಿಲ್‌ಗಳ ಒಣಕೆಮ್ಮು ಎಲ್ಲರಿಗೂ ಗೊತ್ತು. ತೀರಾ ಅಪರೂಪಕ್ಕೆ ಇವು ಕರುಳಿನ ಗೋಡೆಯನ್ನೇ ಊದಿಸಿ, ಹೊಟ್ಟೆನೋವು ವಾಂತಿ ತರಿಸಬಲ್ಲವು ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೆಟೊಪ್ರೊಲಾಲ್‌ನಿಂದ ಕೆಲವರಿಗೆ ಮಲ ಸಡಿಲವಾಗುತ್ತದೆ. ಅದನ್ನು ಊಟದೊಡನೆ ಅಥವಾ ಊಟವಾದ ಕೂಡಲೇ ತೆಗೆದುಕೊಳ್ಳುವುದು ಕ್ರಮ, ನಿಧಾನವಾಗಿ ಕರಗುವ ಬಗೆಯದನ್ನು ಬಾಳೆಹಣ್ಣಿನಲ್ಲಿ ಅರೆದು ಕೊಡುವುದು ಸಲ್ಲದು. ಕ್ಲೋನಿಡಿನ್ ಬಾಯಿಯನ್ನೂ ಕರುಳನ್ನೂ ಒಟ್ಟಿಗೇ ಒಣಗಿಸುತ್ತದೆ. ಹಿರಿಯರ ಹೊಟ್ಟೆಯ ದೃಷ್ಟಿಯಿಂದ ಅದಕ್ಕೆ ನಾನು ಪಾಸು ಅಂಕವನ್ನೂ ಕೊಡಲಾರೆ. ಸ್ಪಿರೊನೊಲ್ಯಾಕ್ಟೋನ್ ತಿಂಡಿಯ ಜೊತೆಗೆ ಹೋದರೆ ಹೊಟ್ಟೆಗೆ ಹಿತ. ಆದರೆ ಇದು ಪೊಟ್ಯಾಸಿಯಂ ಅನ್ನು ಏರಿಸುತ್ತದೆ, ಟೆಲ್ಮಿಸಾರ್ಟಾನ್ ಕೂಡ. ಮೂತ್ರಪಿಂಡ ಸೊರಗಿದ ಹಿರಿಯರಿಗೆ ಇವೆರಡರ ಮೇಲೆ ದಿನಾ ಪೊಟ್ಯಾಸಿಯಂ ಇರುವ ಎಳನೀರು ಕುಡಿಸುವ ನಮ್ಮ ಕರಾವಳಿಯವರ ಪ್ರೀತಿ ಒಳ್ಳೆಯದನ್ನು ಮಾಡುವುದಿಲ್ಲ.

ಈಗಿನ ಹೊಸ ರೂಢಿ ಎರಡು ಮೂರು ಔಷಧಿಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸುವುದು. ನುಂಗುವುದು ಸುಲಭ, ಮರೆಯುವುದು ಕಡಿಮೆ, ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯೂ 2021ರ ಮಾರ್ಗಸೂಚಿಯಲ್ಲಿ ಇದನ್ನು ಒಪ್ಪಿದೆ. ಆದರೆ ಹೊಟ್ಟೆ ಕೆಟ್ಟಾಗ ಮೂವರಲ್ಲಿ ತಪ್ಪಿತಸ್ಥ ಯಾರೆಂದು ಹೇಳಲಾಗುವುದಿಲ್ಲ, ಒಂದನ್ನು ಬಿಟ್ಟು ಇನ್ನೊಂದನ್ನು ಉಳಿಸಿಕೊಳ್ಳಲೂ ಆಗುವುದಿಲ್ಲ. ಎಪ್ಪತ್ತೈದು ದಾಟಿದವರಿಗೆ ಮೊದಲು ಬಿಡಿಬಿಡಿಯಾಗಿ ಕೊಟ್ಟು, ಹೊಟ್ಟೆ ಒಪ್ಪಿದ ಮೇಲೆ ಒಂದು ಮಾತ್ರೆಗೆ ತರುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಜೋಡಿ ಮಾತ್ರೆಗಳ ಹೆಸರಿನ ಬಾಲವನ್ನೂ ಓದಲು ಕಲಿಯಬೇಕು: ಸಾಮಾನ್ಯವಾಗಿ ಎ.ಎಂ. ಎಂದರೆ ಅಮ್ಲೊಡಿಪಿನ್, ಎಚ್. ಎಂದರೆ ಹೈಡ್ರೋಕ್ಲೋರೋಥಯಾಜೈಡ್, ಸಿ.ಟಿ. ಎಂದರೆ ಕ್ಲೋರ್ಥಾಲಿಡೋನ್. ಮನೆಗೆ ಔಷಧಿ ತಲುಪಿಸುವ ಆ್ಯಪ್ ಒಂದರಿಂದ ನಮಗೆ ಎ.ಎಂ. ಬದಲು ಎಚ್. ಬಂದಿತ್ತು. ಡಬ್ಬಿಯ ಬಣ್ಣ, ಕಂಪನಿ, ಉಳಿದ ಹೆಸರು ಎಲ್ಲವೂ ಅದೇ. ಹಿಂದಕ್ಕೆ ಪಡೆದುಕೊಳ್ಳಲು ಅವರು ತೆಗೆದ ತಕರಾರನ್ನು ನೋಡಿ, ತಿಂಗಳ ಮಾತ್ರೆಗಳನ್ನು ಮತ್ತೆ ಸ್ಟೇಷನ್ ಪಕ್ಕದ ಮೆಡಿಕಲ್‌ನಿಂದಲೇ ತರುತ್ತಿದ್ದೇನೆ. ಅಲ್ಲಿ ರಿಯಾಯಿತಿ ಕಡಿಮೆ, ಆದರೆ ಕೌಂಟರಿನಲ್ಲಿರುವ ಫಾರ್ಮಸಿಸ್ಟ್ ಹಳೆಯ ಚೀಟಿಯೊಂದಿಗೆ ಹೋಲಿಸಿ ನೋಡದೆ ಸ್ಟ್ರಿಪ್ ಕತ್ತರಿಸುವುದಿಲ್ಲ, ಅಜ್ಜಿಗೆ ಹೊಟ್ಟೆ ಹೇಗಿದೆ ಎಂದು ಕೇಳದೆ ವಿರೇಚಕ ಕೊಡುವುದಿಲ್ಲ. ಬೆಲೆಯೇ ಮುಖ್ಯವಾದವರಿಗೆ ಜನೌಷಧಿ ಕೇಂದ್ರಗಳಲ್ಲಿ ಇವುಗಳಲ್ಲಿ ಹೆಚ್ಚಿನವು ತೀರಾ ಅಗ್ಗಕ್ಕೆ ಸಿಗುತ್ತವೆ.

ಹೊಟ್ಟೆಯ ತೊಂದರೆಯನ್ನೆಲ್ಲ ಬಿ.ಪಿ. ಮಾತ್ರೆಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಅದೇ ತಟ್ಟೆಯಲ್ಲಿ 75 ಮಿಲಿಗ್ರಾಂ ಆಸ್ಪಿರಿನ್ ಇರುತ್ತದೆ, ಜಠರವನ್ನು ಕೆರಳಿಸುವುದು ಎಷ್ಟೋ ಸಲ ಅದೇ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಭೇದಿ ತರುತ್ತದೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಮಲ ಕಟ್ಟಿಸುತ್ತವೆ. ಮಂಡಿನೋವಿಗೆ ಅಂಗಡಿಯಿಂದ ಕೇಳಿ ತರುವ ನೋವಿನ ಮಾತ್ರೆ ಹೊಟ್ಟೆಯನ್ನು ಸುಡುವುದಲ್ಲದೆ ರಕ್ತದೊತ್ತಡವನ್ನೂ ಏರಿಸುತ್ತದೆ. ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಅದು ಜಠರದ ರಕ್ತಸ್ರಾವವಾಗಿರಬಹುದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಪರಿಹಾರವೆಂದು ತಂದುಕೊಳ್ಳುವವುಗಳನ್ನೂ ನೋಡಬೇಕು. ನೀರಿನಲ್ಲಿ ಬುರುಬುರು ನೊರೆಯೇಳುವ ಫ್ರೂಟ್ ಸಾಲ್ಟ್‌ನಲ್ಲಿರುವುದು ಸೋಡಿಯಂ. ಸಾರಿನಲ್ಲಿ ಉಪ್ಪು ಕಡಿಮೆ ಮಾಡಿ ಲೋಟದಲ್ಲಿ ಕುಡಿದರೆ ಏನು ಬಂತು? ಜಠರದ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಅನ್ನು ವರ್ಷಗಟ್ಟಲೆ, ಅದರಲ್ಲೂ ನೀರಿನ ಮಾತ್ರೆಯೊಡನೆ, ನುಂಗಿದರೆ ರಕ್ತದ ಮೆಗ್ನೀಸಿಯಂ ಇಳಿಯಬಹುದು.

ಮಲಬದ್ಧತೆಗೆ ನಮ್ಮ ಮನೆಯಲ್ಲಿ ನಡೆಯುವುದು ಇಸಬ್‌ಗೋಲ್, ಗುಜರಾತಿನ ಊಂಝಾ ಕಡೆಯಿಂದ ಮುಂಬಯಿಯ ಪ್ರತಿ ಕಿರಾಣಿ ಅಂಗಡಿಗೂ ಬರುವ ಅದೇ ಹೊಟ್ಟು. ಒಳ್ಳೆಯದು, ಅಗ್ಗದ್ದು, ಆದರೆ ತುಂಬಿದ ಲೋಟ ನೀರಿನೊಡನೆ ತಕ್ಷಣ ಕುಡಿಯಬೇಕು, ಬೇರೆ ಮಾತ್ರೆಗಳಿಂದ ಒಂದೆರಡು ಗಂಟೆ ದೂರವಿಡಬೇಕು. ನುಂಗಲು ಕಷ್ಟಪಡುವವರಿಗೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಕೊಡಲೇಬಾರದು. ಮಾಟುಂಗದ ಮಾರ್ಕೆಟ್ಟಿನಲ್ಲಿ ಸಿಗುವ ಬಾಳೆದಿಂಡು, ಬಸಳೆಸೊಪ್ಪು ಅತ್ತೆಗೆ ಇದಕ್ಕಿಂತ ಹೆಚ್ಚು ಒಗ್ಗಿವೆ.

ಮಳೆಗಾಲದಲ್ಲಿ ವಾಂತಿಭೇದಿ ಹತ್ತಿದಾಗ ಮಾತ್ರ ಲೆಕ್ಕವೇ ಬೇರೆಯಾಗುತ್ತದೆ. ಮೈಯ ನೀರು ಹೋಗುತ್ತಿರುವಾಗ ನೀರಿನ ಮಾತ್ರೆ, ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಗುಂಪಿನ ಮಾತ್ರೆ ಎಂದಿನಂತೆ ಹೋದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ಅವನ್ನು ಒಂದೆರಡು ದಿನ ತಡೆಹಿಡಿಯಬೇಕೇ ಎಂದು ಅಂದೇ ವೈದ್ಯರಿಗೆ ಫೋನು ಮಾಡಿ ಕೇಳಬೇಕು. ಬಿ.ಪಿ. ಇದೆ, ಉಪ್ಪು ಬೇಡ ಎಂದು ಓ.ಆರ್.ಎಸ್. ಕುಡಿಯಲು ಹಿಂಜರಿಯುವ ಹಿರಿಯರಿದ್ದಾರೆ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಪ್ರಮಾಣವನ್ನು ಕೇಳಿಕೊಳ್ಳಲಿ, ಉಳಿದವರು ಆ ಹೊತ್ತಿನಲ್ಲಿ ಹೆದರಬೇಕಾದದ್ದು ಉಪ್ಪಿಗಲ್ಲ.

ಅಡ್ಡಪರಿಣಾಮವನ್ನು ವರದಿ ಮಾಡಲು ಒಂದು ಸರ್ಕಾರಿ ವ್ಯವಸ್ಥೆಯೂ ಇದೆ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ನಡೆಸುವ ಔಷಧಿ ಸುರಕ್ಷತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ವೈದ್ಯರೇ ಆಗಬೇಕೆಂದಿಲ್ಲ, ರೋಗಿಯ ಮನೆಯವರೂ ತಿಳಿಸಬಹುದು. ಫೋನು ಮಾಡುವ ಮೊದಲು ಔಷಧಿಯ ಮೂಲ ಹೆಸರು, ಸ್ಟ್ರಿಪ್ಪಿನ ಮೇಲಿನ ಬ್ಯಾಚ್ ನಂಬರು, ಮಾತ್ರೆ ಶುರುವಾದ ದಿನ, ತೊಂದರೆ ಶುರುವಾದ ದಿನ, ಜೊತೆಗೆ ನುಂಗುತ್ತಿರುವ ಬೇರೆ ಎಲ್ಲ ಮಾತ್ರೆಗಳ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ವೈದ್ಯರ ಬಳಿಗೆ ಹೋಗುವಾಗಲೂ ಇದೇ ಚೀಟಿ ಸಾಕಾಗುತ್ತದೆ.